ಗದ್ದುಗೆ ಹೋಯಿತು, ಹೊತ್ತವರು ಉಳಿದರು: ಪರ್ಷಿಯಾದ ರಾಜಸಭೆಗಳ ಬಗ್ಗೆ ಮಾತಾಡೋಣ ಬನ್ನಿ

ಕಲ್ಲುಕಂಬ

ಕಳೆದ ಚಳಿಗಾಲದಲ್ಲಿ ಇರಾನಿನ ಶಿರಾಜ್‌ಗೆ ಹೋಗಿದ್ದೆ. ಅಲ್ಲಿಂದ ಸುಮಾರು 60 ಕಿಲೋಮೀಟರ್ ಹೋದರೆ ಪರ್ಸೆಪೊಲಿಸ್, ಹಳೆಯ ಪರ್ಷಿಯಾದ ದೊರೆಗಳ ಅರಮನೆಗಳ ಪಾಳು. ಇರಾನಿನವರು ಅದನ್ನು ತಖ್ತ್-ಎ-ಜಮ್ಶೀದ್ ಅನ್ನುತ್ತಾರೆ, ಜಮ್ಶೀದನ ಗದ್ದುಗೆ ಅಂತ. ಹೆಸರಲ್ಲೇ ಗದ್ದುಗೆ ಇದೆ. ಆದರೆ ಅಲ್ಲಿ ಇವತ್ತು ಇಲ್ಲದೇ ಇರೋದು ಗದ್ದುಗೆಯೇ. ಎರಡು ದಿನ ಪೂರ್ತಿ ಅಲ್ಲಿನ ರಾಜಸಭೆಗಳಲ್ಲೇ ಓಡಾಡಿದೆ. ಬಂದು ಇಷ್ಟು ದಿನ ಆದರೂ ಒಂದು ಬಾಗಿಲು ತಲೆಯಿಂದ ಹೋಗುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನೂರು ಕಂಬದ ಸಭೆ ಅಂತ ಒಂದಿದೆ. ಒಂದೊಂದು ಸಾಲಿಗೆ 10ರಂತೆ 10 ಸಾಲು ಕಂಬ, ಒಂದೊಂದು ಪಕ್ಕ ಸುಮಾರು 68 ಮೀಟರ್. ಪರ್ಷಿಯಾದ ದೊರೆ ಕ್ಸೆರ್ಕ್ಸಿಸ್ ಶುರು ಮಾಡಿದ, ಅವನ ಮಗ ಒಂದನೇ ಅರ್ತಕ್ಸೆರ್ಕ್ಸಿಸ್ ಮುಗಿಸಿದ. ಕಂಬಗಳೆಲ್ಲ ಬಿದ್ದು ಬರೀ ಬುಡ ಉಳಿದಿದೆ. ಆದರೆ ಕಲ್ಲಿನ ಬಾಗಿಲವಾಡಗಳು ನಿಂತಿವೆ. ದಕ್ಷಿಣದ ಬಾಗಿಲ ಒಳಮೈಯಲ್ಲಿ ತುಂಬ ಎತ್ತರದಲ್ಲಿ ರಾಜ ಕೂತಿದ್ದಾನೆ, ಕಾಲು ಮಣೆಯ ಮೇಲೆ, ತಲೆಯ ಮೇಲೆ ಮೇಲ್ಕಟ್ಟು. ಅವನ ಗದ್ದುಗೆಯ ಕೆಳಗೆ ಮೂರು ಸಾಲಲ್ಲಿ ಜನ. ಈ ಪಕ್ಕದ ಕಲ್ಲಿನಲ್ಲಿ 14, ಆ ಪಕ್ಕದ ಕಲ್ಲಿನಲ್ಲಿ 14. ಒಟ್ಟು 28 ನಾಡುಗಳಿಗೆ ಒಬ್ಬೊಬ್ಬನಂತೆ. ಎಲ್ಲರೂ ಎರಡೂ ಕೈ ಮೇಲೆತ್ತಿ ಆ ಪೀಠವನ್ನು ಹೊತ್ತಿದ್ದಾರೆ. ಒಬ್ಬನ ಟೋಪಿ ಇನ್ನೊಬ್ಬನಿಗಿಲ್ಲ, ಒಬ್ಬನ ಗಡ್ಡ ಇನ್ನೊಬ್ಬನಿಗಿಲ್ಲ, ಉಡುಪೂ ಹಾಗೇ. ಹತ್ತಿರ ಹೋಗಿ ನೋಡಿದರೆ ಬೆರಳ ತುದಿಯ ಉಗುರೂ ಕಾಣುತ್ತದೆ. ನನ್ನ ಕಣ್ಣಿನ ಮಟ್ಟಕ್ಕೆ ಇದ್ದದ್ದು ಇವರೇ. ರಾಜನನ್ನು ನೋಡಬೇಕಾದರೆ ಕತ್ತು ಎತ್ತಬೇಕಿತ್ತು.

ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ನಕ್ಷ್-ಎ-ರುಸ್ತಮ್‌ನಲ್ಲಿ ಕ್ಸೆರ್ಕ್ಸಿಸ್‌ನ ತಂದೆ ಡೇರಿಯಸ್‌ನ ಸಮಾಧಿ ಬಂಡೆಯಲ್ಲೇ ಕೊರೆದಿದೆ. ಅಲ್ಲೂ ಇದೇ ಚಿತ್ರ, 30 ನಾಡಿನವರು ಹೊತ್ತಿದ್ದಾರೆ. ಪಕ್ಕದ ಶಾಸನದಲ್ಲಿ ಡೇರಿಯಸ್ ಹೇಳುವುದು ಹೆಚ್ಚುಕಡಿಮೆ ಹೀಗೆ: ನಾನು ಎಷ್ಟು ದೇಶ ಆಳಿದೆ ಅಂತ ನಿನಗೆ ಅನ್ನಿಸಿದರೆ ಗದ್ದುಗೆ ಹೊತ್ತವರನ್ನು ನೋಡು, ಆಗ ತಿಳಿಯುತ್ತದೆ.

ನನಗೆ ಅನ್ನಿಸಿದ್ದು ಇದು. ಈ ರಾಜಸಭೆಗಳನ್ನು ನಾವು ಮೇಲಿನಿಂದ, ಅಂದರೆ ರಾಜನ ಕಡೆಯಿಂದ ನೋಡುತ್ತೇವೆ. ಎಷ್ಟು ದೊಡ್ಡದು, ಎಷ್ಟು ಕಂಬ, ಎಷ್ಟು ಚಿನ್ನ ಅಂತ. ಕೆಳಗಿನಿಂದ ನೋಡಬೇಕು. ಹೊತ್ತವರು, ಮೆಟ್ಟಿಲು ಹತ್ತಿದವರು, ಬಾಗಿಲಲ್ಲಿ ಕಾದವರು, ಇವರ ಕಡೆಯಿಂದ. ಕಟ್ಟಿದವರೂ ಹಾಗೇ ಯೋಚನೆ ಮಾಡಿ ಕಟ್ಟಿದ್ದಾರೆ ಅಂತ ನನ್ನ ನಂಬಿಕೆ. ನಿಮಗೆ ಏನನ್ನಿಸುತ್ತದೆ ಹೇಳಿ.

ಪ್ರಶ್ನೆಪೆಟ್ಟಿಗೆ

ತುಂಬಾ ಚೆನ್ನಾಗಿ ಬರೆದಿದ್ದೀರಿ ಸರ್. ಒಂದು ಅನುಮಾನ. ಫೋಟೋಗಳಲ್ಲಿ ಪರ್ಸೆಪೊಲಿಸ್ ಅಂದರೆ ಬಯಲಲ್ಲಿ ನಿಂತ ಉದ್ದುದ್ದ ಕಂಬಗಳು, ಮೇಲೆ ಆಕಾಶ. ಇಂಥ ಕಡೆ ರಾಜ ಹೇಗೆ ಸಭೆ ನಡೆಸುತ್ತಿದ್ದ? ಬಿಸಿಲು, ಗಾಳಿ, ಚಳಿ ಎಲ್ಲಾ ಇರುತ್ತದಲ್ವಾ?

ಕಲ್ಲುಕಂಬ

@ಪ್ರಶ್ನೆಪೆಟ್ಟಿಗೆ ಒಳ್ಳೆ ಪ್ರಶ್ನೆ. ಫೋಟೋ ನೋಡಿ ಹೋದವನಿಗೆ ನನಗೂ ಅಲ್ಲಿ ನಿಂತ ಮೇಲೇ ಗೊತ್ತಾಗಿದ್ದು. ನೀವು ಹೇಳುತ್ತಿರುವುದು ಅಪದಾನ, ಅಲ್ಲಿನ ಅತಿ ದೊಡ್ಡ ಸಭೆ. ಡೇರಿಯಸ್ ಕಟ್ಟಿಸಲು ಶುರು ಮಾಡಿದ, ಕ್ಸೆರ್ಕ್ಸಿಸ್ ಮುಗಿಸಿದ. ನಡುವಿನ ಚೌಕ ಸುಮಾರು 60 ಮೀಟರ್. ಒಳಗೆ 36 ಕಂಬ. ಮೂರು ಕಡೆ ಮೊಗಸಾಲೆ, ಒಂದೊಂದರಲ್ಲಿ 12. ಒಟ್ಟು 72. ಇವತ್ತು ನಿಂತಿರೋದು 13.

ಆದರೆ ಆ ಕಂಬಗಳ ಸುತ್ತ 5 ಮೀಟರಿಗಿಂತ ದಪ್ಪದ ಗೋಡೆ ಇತ್ತು. ಸುಡದ ಹಸಿ ಇಟ್ಟಿಗೆಯದು. ಮೇಲೆ ಮರದ ಚಾವಣಿ. ಕ್ರಿ.ಪೂ. 330ರಲ್ಲಿ ಅಲೆಕ್ಸಾಂಡರ್ ಸೈನ್ಯ ಸುಟ್ಟಾಗ ಚಾವಣಿ ಹೋಯಿತು. ಚಾವಣಿ ಇಲ್ಲದ ಹಸಿ ಇಟ್ಟಿಗೆ ಗೋಡೆ ಮಳೆಗೆ ಎಷ್ಟು ದಿನ ನಿಲ್ಲುತ್ತದೆ ಹೇಳಿ? ಕರಗಿ ಮಣ್ಣಾಗಿ ಹರಡಿಕೊಂಡಿತು. ಉಳಿದದ್ದು ಕಲ್ಲು ಮಾತ್ರ: ಕಂಬ, ಬಾಗಿಲವಾಡ, ಕಿಟಕಿ ಚೌಕಟ್ಟು, ಮೆಟ್ಟಿಲು. ಅಂದರೆ ನಾವು ನೋಡುತ್ತಿರುವುದು ಒಳಗಿನದ್ದು ಹೊರಗೆ ಬಂದ ಕಟ್ಟಡ. ಅವತ್ತು ಒಳಗೆ ಹೋದವನಿಗೆ ಆಕಾಶ ಕಾಣುತ್ತಿರಲಿಲ್ಲ. ಬಿಸಿಲಿನಿಂದ ಒಳಗೆ ಕಾಲಿಟ್ಟ ಕೂಡಲೇ ತಂಪು, ಅರೆಗತ್ತಲು, ಮೇಲೆ 19 ಮೀಟರ್ ಎತ್ತರದಲ್ಲಿ ಎಲ್ಲೋ ಚಾವಣಿ.

ಆ ಕರಗಿದ ಮಣ್ಣು ಒಂದು ಉಪಕಾರವನ್ನೂ ಮಾಡಿದೆ. ಅಪದಾನದ ಉತ್ತರದ ಮೆಟ್ಟಿಲು ಸಾವಿರಾರು ವರ್ಷ ಗಾಳಿಮಳೆಗೆ ಒಡ್ಡಿಕೊಂಡು ಸವೆದಿದೆ. ಪೂರ್ವದ ಮೆಟ್ಟಿಲು ಮಣ್ಣಲ್ಲಿ ಹೂತು ಹೋಗಿತ್ತು. 1930ರ ದಶಕದ ಶುರುವಿನಲ್ಲಿ ಹರ್ಟ್ಸ್‌ಫೆಲ್ಡ್ ಅನ್ನುವ ಜರ್ಮನ್ ವಿದ್ವಾಂಸ ಷಿಕಾಗೋದ ಓರಿಯೆಂಟಲ್ ಇನ್‌ಸ್ಟಿಟ್ಯೂಟ್ ಪರವಾಗಿ ಅಗೆದು ತೆಗೆದಾಗ ಆ ಕೆತ್ತನೆ ನಿನ್ನೆ ಮೊನ್ನೆ ಮಾಡಿದ ಹಾಗೆ ಇತ್ತು. ಇವತ್ತಿಗೂ ಹಾಗೇ ಇದೆ.

ಸಾಗರದ_ಮರಗೆಲಸ

ನಾನು ಮರದ ಕೆಲಸದವನು, ನಮ್ಮದು ಮೂರು ತಲೆಮಾರಿನಿಂದ ಇದೇ. ಈ ಪರ್ಸೆಪೊಲಿಸ್ ಚಿತ್ರ ನೋಡಿದಾಗೆಲ್ಲ ಜನ ಕಲ್ಲಿನ ಬಗ್ಗೆ ಮಾತಾಡುತ್ತಾರೆ. ನನಗೆ ಕಾಣುವುದು ಇಲ್ಲದ ಮರ.

ಕಂಬದಿಂದ ಕಂಬಕ್ಕೆ ಎಷ್ಟು ದೂರ ಅಂತ ಹುಡುಕಿದೆ. ಅಪದಾನದಲ್ಲಿ ಸುಮಾರು 8.6 ಮೀಟರ್. ನಮ್ಮ ಲೆಕ್ಕದಲ್ಲಿ 28 ಅಡಿ! ಕಲ್ಲಿನ ತೊಲೆಗೆ ಇದು ಆಗುವ ಮಾತಲ್ಲ. ಕಲ್ಲು ಅದುಮಿದರೆ ತಡೆಯುತ್ತದೆ, ಬಾಗಿಸಿದರೆ ಕೆಳಮೈಯಲ್ಲಿ ಬಿರುಕು ಬಿಡುತ್ತದೆ. ಅದಕ್ಕೇ ಈಜಿಪ್ಟಿನ ದೇವಾಲಯಗಳಲ್ಲಿ ಕಂಬಗಳು ಅಷ್ಟು ದಪ್ಪ, ಅಷ್ಟು ಒತ್ತೊತ್ತು. ನಮ್ಮ ಕಲ್ಲಿನ ಗುಡಿಗಳ ನವರಂಗದಲ್ಲೂ ಕಂಬ ಹತ್ತಿರ ಹತ್ತಿರ ಇರೋದು ಅದೇ ಕಾರಣಕ್ಕೆ. ಮರದ ತೊಲೆ ಬಾಗುತ್ತದೆ, ಮುರಿಯುವುದಿಲ್ಲ, ಮೇಲಾಗಿ ಹಗುರ. ಹಾಗಾಗಿ ಕಂಬ ತೆಳ್ಳಗೂ ಮಾಡಬಹುದು, ದೂರ ದೂರವೂ ಇಡಬಹುದು. ಅಷ್ಟು ಎತ್ತರದ ಕಂಬ ಅಷ್ಟು ಸಪೂರ ಇರಲು ಸಾಧ್ಯ ಆಗಿದ್ದು ಮೇಲೆ ದೇವದಾರು ಜಾತಿಯ ಮರ ಕೂತಿದ್ದರಿಂದ.

ಇನ್ನು ಕಂಬದ ತಲೆಯ ಮೇಲಿನ ಆ ಬೋದಿಗೆ. ಎರಡು ಹೋರಿ ಬೆನ್ನಿಗೆ ಬೆನ್ನು ಕೊಟ್ಟು, ಮುಂಗಾಲು ಮಡಚಿ ಕೂತಿವೆ. ಕೆಲವು ಕಡೆ ಸಿಂಹ. ಕೆಲವು ಕಡೆ ಹದ್ದಿನ ಕೊಕ್ಕಿನ ಪ್ರಾಣಿ. ಅಲಂಕಾರ ಅಂದುಕೊಂಡಿದ್ದೆ. ಒಂದು ಕತ್ತರಿಸಿದ ನಕ್ಷೆ ನೋಡಿದ ಮೇಲೆ ಅರ್ಥ ಆಯಿತು. ಎರಡು ತಲೆಗಳ ನಡುವೆ ಬೆನ್ನಿನ ತಗ್ಗು ಇದೆಯಲ್ಲ, ಅದು ತೊಲೆ ಕೂರುವ ಜಾಗ. ತಡಿ ಹಾಕಿದ ಹಾಗೆ. ತೊಲೆ ಪಕ್ಕಕ್ಕೆ ಜಾರದಂತೆ ಎರಡು ತಲೆಗಳೂ ಹಿಡಿದುಕೊಳ್ಳುತ್ತವೆ. ನಾವು ಮನೆ ಕಂಬಕ್ಕೆ ಬೋದಿಗೆ ಇಡುವುದೂ ಇದಕ್ಕೇ: ತೊಲೆಗೆ ಅಗಲವಾದ ಆಧಾರ ಕೊಡಲು. ಇವರು ಅದಕ್ಕೆ ಜೀವ ಕೊಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ. ಕಲ್ಲುಕಂಬ ಅಣ್ಣ ಹೇಳಿದ ಗದ್ದುಗೆ ಹೊತ್ತವರ ಹಾಗೆ ಈ ಹೋರಿಗಳೂ ಹೊತ್ತವರೇ.

ಧಾರವಾಡದ_ಮೇಷ್ಟ್ರು

ಮರಗೆಲಸದವರ ಮಾತಿಗೆ ಒಂದು ಶಾಸನ ಸೇರಿಸುತ್ತೇನೆ. ಪರ್ಸೆಪೊಲಿಸ್ ಅಲ್ಲದೆ ನೈರುತ್ಯ ಇರಾನಿನ ಸೂಸಾದಲ್ಲೂ ಡೇರಿಯಸ್ ಅರಮನೆ ಕಟ್ಟಿಸಿದ. ಅಲ್ಲೂ 36 ಕಂಬದ ಸಭೆ, ಮೂರು ಕಡೆ ಮೊಗಸಾಲೆ. ಅದರ ಒಂದು ಹೋರಿ ಬೋದಿಗೆ ಈಗ ಪ್ಯಾರಿಸಿನ ಲೂವ್ರ್‌ನಲ್ಲಿದೆ. ಆ ಅರಮನೆ ಕಟ್ಟಿದ ಬಗ್ಗೆ ಡೇರಿಯಸ್ ಬರೆಸಿದ ಶಾಸನ ಸಿಕ್ಕಿದೆ. ಅದನ್ನು ಓದಿದರೆ ಸಾಮಾನಿನ ಪಟ್ಟಿಯನ್ನೇ ಓದಿದಂತೆ.

ದೇವದಾರು ಲೆಬನಾನ್ ಬೆಟ್ಟದಿಂದ ಬಂತು. ಅಸ್ಸೀರಿಯಾದವರು ಬ್ಯಾಬಿಲೋನ್ ತನಕ ತಂದರು, ಅಲ್ಲಿಂದ ಕೇರಿಯಾದವರೂ ಅಯೋನಿಯಾದ ಗ್ರೀಕರೂ ಸೂಸಾಕ್ಕೆ ಸಾಗಿಸಿದರು. ಚಿನ್ನ ಸಾರ್ಡಿಸ್ ಮತ್ತು ಬ್ಯಾಕ್ಟ್ರಿಯಾದಿಂದ. ನೀಲಿ ಕಲ್ಲು ಸೊಗ್ದಿಯಾನಾದಿಂದ. ಬೆಳ್ಳಿ, ಕರಿಮರ ಈಜಿಪ್ಟಿನಿಂದ. ದಂತ ಕುಶ್, ಅರಕೋಸಿಯಾ ಮತ್ತು ಹಿಂದುಶ್‌ನಿಂದ. ಹಿಂದುಶ್ ಅಂದರೆ ಸಿಂಧೂ ನದಿಯ ಕಡೆಯ ನಾಡು. ಕಲ್ಲು ಕೆಲಸಕ್ಕೆ ಅಯೋನಿಯಾ, ಸಾರ್ಡಿಸ್‌ನವರು. ಚಿನ್ನದ ಕೆಲಸಕ್ಕೆ ಮೀಡರು (ವಾಯವ್ಯ ಇರಾನಿನ ಹಳೆಯ ಜನ), ಈಜಿಪ್ಟಿನವರು. ಇಟ್ಟಿಗೆ ಬ್ಯಾಬಿಲೋನಿನವರದ್ದು. ರಾಜ ತನ್ನ ಹೆಮ್ಮೆಗೆ ಬರೆಸಿದ್ದು ನಿಜ. ಆದರೆ ಯಾರು ಏನು ಮಾಡಿದರು ಅಂತ ಇಷ್ಟು ವಿವರವಾಗಿ ಬರೆಸಿದ ರಾಜರು ಕಡಿಮೆ.

'ಅಪದಾನ' ಅನ್ನುವ ಹೆಸರೂ ನಮಗೆ ಗೊತ್ತಾಗಿದ್ದು ಸೂಸಾದ ಇನ್ನೊಂದು ಶಾಸನದಿಂದ. ಎರಡನೇ ಅರ್ತಕ್ಸೆರ್ಕ್ಸಿಸ್ ಬರೆಸಿದ್ದು: ಈ ಅಪದಾನವನ್ನು ನನ್ನ ಪೂರ್ವಜ ಡೇರಿಯಸ್ ಕಟ್ಟಿಸಿದ, ನನ್ನ ಅಜ್ಜನ ಕಾಲದಲ್ಲಿ ಸುಟ್ಟುಹೋಯಿತು, ನಾನು ಮತ್ತೆ ಕಟ್ಟಿಸಿದೆ ಅಂತ. ಮರದ ಚಾವಣಿ ಅಂದ ಮೇಲೆ ಬೆಂಕಿಯ ಭಯ ಇದ್ದೇ ಇರುತ್ತದೆ. ಅದಕ್ಕೆ ಅಲೆಕ್ಸಾಂಡರನೇ ಬರಬೇಕಾಗಿರಲಿಲ್ಲ.

ಕಂಬದ ಸಭೆಯೂ ಇವರೇ ಮೊದಲು ಕಂಡುಹಿಡಿದದ್ದಲ್ಲ. ವಾಯವ್ಯ ಇರಾನಿನ ಹಸನ್ಲು ಅನ್ನುವಲ್ಲಿ, ಡೇರಿಯಸ್‌ಗಿಂತ ಸುಮಾರು 300 ವರ್ಷ ಮುಂಚೆಯೇ ಸುಟ್ಟುಹೋದ ಕಂಬದ ಸಭೆಗಳು ಸಿಕ್ಕಿವೆ. ಮೀಡರ ಕಾಲದ ನೂಶ್-ಇ-ಜಾನ್, ಗೋದಿನ್ ತೆಪೆಗಳಲ್ಲೂ ಇವೆ. ಡೇರಿಯಸ್‌ಗಿಂತ ಮುಂಚಿನ ದೊರೆ ಸೈರಸ್ ಪಸರ್ಗಡೆಯಲ್ಲಿ ಕಟ್ಟಿಸಿದ್ದು ಉದ್ದನೆಯ ಸಭೆ. ಡೇರಿಯಸ್ ಅದನ್ನು ಚೌಕ ಮಾಡಿ ಬೆಳೆಸಿದ.

ನೇರನುಡಿ

ಎಲ್ಲಾ ಸರಿ. ಆದರೆ 28 ನಾಡಿನ ಜನ ಒಬ್ಬನ ಕುರ್ಚಿ ಹೊರುವುದನ್ನು ನೋಡಿ ನನಗೆ ಸಂತೋಷ ಆಗುವುದಿಲ್ಲ. ಗೆದ್ದವನು ಸೋತವರನ್ನು ಕಾಲ ಕೆಳಗೆ ಕೆತ್ತಿಸಿದ್ದಾನೆ. ಅದನ್ನು ಇಷ್ಟು ಚಂದ ಮಾಡಿ ಹೇಳುವುದು ಸರಿ ಅಲ್ಲ.

ಕಲ್ಲುಕಂಬ

@ನೇರನುಡಿ ನಿಮ್ಮ ಮಾತು ತಳ್ಳಿಹಾಕುವಂಥದ್ದಲ್ಲ. ಬಾಗಿಲಲ್ಲಿ ನಿಂತಾಗ ನನಗೂ ಮೊದಲು ಅದೇ ಅನ್ನಿಸಿತು. ಆಮೇಲೆ ಕೈಗಳನ್ನು ನೋಡಿದೆ. ಅಸ್ಸೀರಿಯಾದ ಅರಮನೆಗಳ ಕೆತ್ತನೆಯಲ್ಲಿ ಸೋತವರನ್ನು ಶೂಲಕ್ಕೆ ಏರಿಸಿದ್ದು, ಚರ್ಮ ಸುಲಿದದ್ದು, ತಲೆಗಳ ರಾಶಿ ಹಾಕಿದ್ದು ಇದೆ. ಇಲ್ಲಿ ಅದಿಲ್ಲ. ಹೊತ್ತವರು ಕುಸಿದಿಲ್ಲ. ಬೆನ್ನು ನೆಟ್ಟಗಿದೆ. ಬೆರಳುಗಳ ಮೇಲೆ ಎತ್ತಿ ಹಿಡಿದಿದ್ದಾರೆ, ಭಾರವೇ ಇಲ್ಲದ ಹಾಗೆ. ಕೆಲವರ ಸೊಂಟದಲ್ಲಿ ಕತ್ತಿಯೂ ಇದೆ. ಇದು ರಾಜ ತನ್ನ ಬಗ್ಗೆ ಹೇಳಬಯಸಿದ ಕಥೆ, ಒಪ್ಪುತ್ತೇನೆ. ಕಥೆ ಬೇರೆ, ನಿಜ ಬೇರೆ. ಆದರೆ ಯಾವ ಕಥೆ ಹೇಳಬೇಕು ಅಂತ ಆರಿಸಿಕೊಂಡದ್ದರಲ್ಲೂ ಒಂದು ಅರ್ಥ ಇದೆ ಅಲ್ವಾ?

ಧಾರವಾಡದ_ಮೇಷ್ಟ್ರು

ಕಥೆ ಯಾವುದು, ನಿಜ ಯಾವುದು ಅಂತ ಬೇರೆ ಮಾಡಲು ಪರ್ಸೆಪೊಲಿಸ್‌ನಲ್ಲೇ ಒಂದು ಸಾಧನ ಸಿಕ್ಕಿದೆ. 1933ರಲ್ಲಿ ಅಲ್ಲಿನ ಕೋಟೆ ಗೋಡೆಯ ಹತ್ತಿರ ಸಾವಿರಾರು ಮಣ್ಣಿನ ಹಲಗೆಗಳು ಸಿಕ್ಕವು. ಹೆಚ್ಚಿನವು ಎಲಾಮೈಟ್ ಅನ್ನುವ ಅಲ್ಲಿನ ಹಳೆಯ ಭಾಷೆಯವು, ಕ್ರಿ.ಪೂ. 509ರಿಂದ 493ರ ನಡುವಿನವು. ಎಲ್ಲಾ ಬರೀ ಲೆಕ್ಕ. ಯಾರಿಗೆ ಎಷ್ಟು ಜವೆ, ಎಷ್ಟು ದ್ರಾಕ್ಷಾರಸ, ಎಷ್ಟು ಕುರಿ. ಹೆಣ್ಣಾಳುಗಳ ಹೆಸರಲ್ಲೂ ಪಡಿ ಇದೆ. ಹೆತ್ತ ಹೆಂಗಸಿಗೆ ಆ ತಿಂಗಳು ಹೆಚ್ಚಿನ ಪಡಿ ಕೊಟ್ಟ ಲೆಕ್ಕ ಇದೆ. ಅಲ್ಲೇ ಇನ್ನೊಂದು ವಿಷಯವೂ ಇದೆ: ಗಂಡು ಹೆತ್ತವಳಿಗೆ ಕೊಟ್ಟದ್ದರ ಅರ್ಧ ಹೆಣ್ಣು ಹೆತ್ತವಳಿಗೆ. ಮುಂದೆ ಖಜಾನೆ ಕಟ್ಟಡದಲ್ಲಿ ಸಿಕ್ಕ ಹಲಗೆಗಳಲ್ಲಿ ಕ್ಸೆರ್ಕ್ಸಿಸ್ ಕಾಲದ ಕಲ್ಲುಕುಟಿಗರು, ಬಡಗಿಗಳಿಗೆ ಬೆಳ್ಳಿಯಲ್ಲಿ ಕೂಲಿ ಕೊಟ್ಟ ಲೆಕ್ಕವೂ ಇದೆ.

ಇಂಟರ್ನೆಟ್‌ನಲ್ಲಿ ಈ ಹಲಗೆಗಳನ್ನು ತೋರಿಸಿ 'ಅಲ್ಲಿ ಗುಲಾಮರೇ ಇರಲಿಲ್ಲ' ಅಂತ ಹೇಳುವವರು ತುಂಬಾ ಜನ. ಅದು ಅತಿ. ಈ ಆಳುಗಳನ್ನು ಹಲಗೆಗಳಲ್ಲಿ 'ಕುರ್ತಶ್' ಅಂತ ಕರೆದಿದ್ದಾರೆ. ನೂರಾರು ಜನರ ಗುಂಪುಗಳು, ದೂರದೂರದ ನಾಡಿನಿಂದ ಬಂದವರು. ಎಲ್ಲರೂ ಇಷ್ಟಪಟ್ಟು ಬಂದರು ಅಂತ ಹೇಳಲು ಆಗದು. ಪಡಿ ಕೊಟ್ಟ ಮಾತ್ರಕ್ಕೆ ಬಿಡುಗಡೆ ಇತ್ತು ಅಂತ ಆಗುವುದಿಲ್ಲ. ನೇರನುಡಿಯವರ ಎಚ್ಚರ ಬೇಕು. ಆದರೆ ಚಾಟಿ ಹೊಡೆದು ಕಟ್ಟಿಸಿದ್ದು ಅಂತ ಸುಮ್ನೆ ಮುಗಿಸಿಬಿಡುವುದೂ ತಪ್ಪು.

ನೇರನುಡಿ

ಹೆಣ್ಣು ಹೆತ್ತರೆ ಅರ್ಧ ಅನ್ನುವ ವಿಷಯ ಓದಿ ಮನಸ್ಸು ಭಾರ ಆಯಿತು ಮೇಷ್ಟ್ರೇ. ಆದರೂ ಆ ತಾಯಂದಿರ ಲೆಕ್ಕ ಉಳಿದಿದೆಯಲ್ಲ, ಅದು ದೊಡ್ಡದು. ಹೊತ್ತವರು ಅಂದರೆ ನನಗೆ ಇವರೇ.

ಸೆಂಟ್ರಿಂಗ್_ಇಲ್ಲದೆ

ಎಲ್ಲರೂ ಕಂಬದಲ್ಲೇ ನಿಂತಿದ್ದೀರಿ. ಪರ್ಷಿಯಾದ ರಾಜಸಭೆ ಅಂದರೆ ಅರ್ಧ ಕಥೆ ಕಮಾನಿನದ್ದು. ನಾನು ಸಿವಿಲ್ ಇಂಜಿನಿಯರ್, ಹಾಗಾಗಿ ನನ್ನ ಒಲವು ಅತ್ತ ಕಡೆ ಜಾಸ್ತಿ.

ಬಾಗ್ದಾದಿನ ದಕ್ಷಿಣಕ್ಕೆ, ಟೈಗ್ರಿಸ್ ನದಿ ಪಕ್ಕ, ತಾಕ್-ಎ-ಕಿಸ್ರಾ ಇದೆ. ಈಗ ಅದು ಇರಾಕಿನಲ್ಲಿ. ಆಗ ಅದು ಕ್ಟೆಸಿಫೋನ್, ಡೇರಿಯಸ್ ವಂಶ ಹೋಗಿ ಎಷ್ಟೋ ಕಾಲದ ಮೇಲೆ ಪರ್ಷಿಯಾ ಆಳಿದ ಸಸಾನಿ ದೊರೆಗಳ ರಾಜಧಾನಿ. ಒಂದೇ ಒಂದು ದೊಡ್ಡ ಗೂಡಿನಂಥ ಸಭೆ. ಮೂರು ಕಡೆ ಗೋಡೆ, ಮುಂದುಗಡೆ ಪೂರ್ತಿ ತೆರೆದದ್ದು. ಇದಕ್ಕೆ 'ಈವಾನ್' ಅನ್ನುತ್ತಾರೆ. ಅಗಲ ಸುಮಾರು 25 ಮೀಟರ್, ಎತ್ತರ 35 ಮೀಟರಿಗಿಂತ ಜಾಸ್ತಿ. ಕಬ್ಬಿಣ ಇಲ್ಲ, ಕಾಂಕ್ರೀಟ್ ಇಲ್ಲ, ಬರೀ ಇಟ್ಟಿಗೆ. ಕಬ್ಬಿಣ ಇಲ್ಲದ, ಒಂದೇ ಹಾಸಿನ ಇಟ್ಟಿಗೆ ಕಮಾನುಗಳಲ್ಲಿ ಇದನ್ನು ಜಗತ್ತಿನಲ್ಲೇ ದೊಡ್ಡದು ಅನ್ನುತ್ತಾರೆ. ಸಾಮಾನ್ಯವಾಗಿ ಇದನ್ನು ಒಂದನೇ ಖುಸ್ರೋ ಅನೂಶಿರ್ವಾನ್ ಕಾಲದ್ದು, ಅಂದರೆ 6ನೇ ಶತಮಾನದ್ದು ಅಂತಾರೆ. ಇನ್ನೂ ಹಳೆಯದು ಅನ್ನುವವರೂ ಇದ್ದಾರೆ.

ಇದನ್ನು ಹೇಗೆ ಕಟ್ಟಿದರು ಅನ್ನುವುದೇ ನನ್ನ ಹೆಸರಿನ ಗುಟ್ಟು. ನಾವು ಕಮಾನು ಕಟ್ಟುವಾಗ ಕೆಳಗೆ ಮರದ ಸೆಂಟ್ರಿಂಗ್ ಹೊಡೆಯುತ್ತೇವೆ. ಇಟ್ಟಿಗೆ ಜೋಡಿಸಿ, ಗಾರೆ ಗಟ್ಟಿಯಾದ ಮೇಲೆ ಬಿಚ್ಚುತ್ತೇವೆ. ಮೆಸೊಪೊಟೇಮಿಯಾದಲ್ಲಿ ಅಷ್ಟು ಮರ ಎಲ್ಲಿಂದ ತರುವುದು? ಅಲ್ಲಿ ಇದ್ದದ್ದು ಖರ್ಜೂರದ ಮರ, ಜೊಂಡು, ಮಣ್ಣು. ಅದಕ್ಕೆ ಅವರು ಮೊದಲು ಹಿಂದಿನ ಗೋಡೆ ಎಬ್ಬಿಸಿದರು. ಕಮಾನಿನ ಕೆಳಭಾಗವನ್ನು ಮಾಮೂಲಿ ಥರ ಅಡ್ಡ ವರಸೆಯಲ್ಲೇ ಸ್ವಲ್ಪ ಸ್ವಲ್ಪ ಒಳಗೆ ಚಾಚುತ್ತಾ ಬಂದರು. ಮೇಲಿನ ಭಾಗಕ್ಕೆ ಇಟ್ಟಿಗೆಯನ್ನು ನಿಲ್ಲಿಸಿ, ಹಿಂದಿನ ಗೋಡೆಗೆ ಓರೆಯಾಗಿ ಒರಗಿಸಿ ಅಂಟಿಸಿದರು. ಜಿಪ್ಸಂ ಗಾರೆ ಬೇಗ ಹಿಡಿಯುತ್ತದೆ. ಒಂದು ಸುತ್ತು ಅಂಟಿತು ಅಂದರೆ ಮುಂದಿನ ಸುತ್ತು ಅದಕ್ಕೆ ಒರಗುತ್ತದೆ. ಅದಕ್ಕೆ ಇನ್ನೊಂದು. ಕಪಾಟಿನಲ್ಲಿ ಪುಸ್ತಕಗಳು ಒಂದಕ್ಕೊಂದು ಒರಗಿ ನಿಂತ ಹಾಗೆ, ಹಿಂದಿನಿಂದ ಮುಂದಕ್ಕೆ ಕಮಾನು ಬೆಳೆಯುತ್ತಾ ಬಂತು. ಕೆಳಗೆ ಆಧಾರವೇ ಇಲ್ಲ. ಆ ಎತ್ತರದಲ್ಲಿ ನಿಂತು ಮೊದಲ ಇಟ್ಟಿಗೆ ಒರಗಿಸಿದ ಮೇಸ್ತ್ರಿಯ ಧೈರ್ಯ ನೆನೆದರೆ ಮೈ ಜುಮ್ಮೆನ್ನುತ್ತದೆ.

ಆಕಾರ ಅರ್ಧವೃತ್ತ ಅಲ್ಲ, ಮೊಟ್ಟೆಯ ತುದಿಯ ಹಾಗೆ ಉದ್ದ. ಎರಡು ಕೈಯಲ್ಲಿ ಸರಪಳಿ ಹಿಡಿದು ಇಳಿಬಿಟ್ಟರೆ ಬರುವ ಬಾಗನ್ನು ತಲೆಕೆಳಗು ಮಾಡಿದರೆ ಹೆಚ್ಚುಕಡಿಮೆ ಇದೇ ಬರುತ್ತದೆ. ಭಾರವೆಲ್ಲ ಒತ್ತಡವಾಗಿ ಬಾಗಿನ ಉದ್ದಕ್ಕೇ ಕೆಳಗೆ ಇಳಿಯುತ್ತದೆ, ಎಳೆತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬುಡದಲ್ಲಿ ಗೋಡೆ ಸುಮಾರು 7 ಮೀಟರ್ ದಪ್ಪ. 1888ರ ಪ್ರವಾಹದಲ್ಲಿ ಮುಂಭಾಗದ ಒಂದು ರೆಕ್ಕೆ ಬಿದ್ದುಹೋಯಿತು. ಕಮಾನು ನಿಂತಿದೆ.

ಪ್ರಶ್ನೆಪೆಟ್ಟಿಗೆ

ಮುಂದುಗಡೆ ಬಾಗಿಲೇ ಇಲ್ಲ ಅಂದರೆ ರಾಜ ಎಲ್ಲರಿಗೂ ಕಾಣುತ್ತಿದ್ದನಾ? ಹಾಗಿದ್ದರೆ ಕಲ್ಲುಕಂಬ ಸರ್ ಹೇಳಿದ 'ಬಾಗಿಲಲ್ಲಿ ಕಾಯುವುದು' ಇಲ್ಲಿ ಇಲ್ಲವಲ್ಲ.

ಸೆಂಟ್ರಿಂಗ್_ಇಲ್ಲದೆ

ಇತ್ತು, ಬೇರೆ ಥರ. ಬಾಗಿಲ ಬದಲು ಪರದೆ. ಸಸಾನಿ ಆಸ್ಥಾನದ ಬಗ್ಗೆ ಬರೆದ ಅರಬ್ ಲೇಖಕರು ಹೇಳುವಂತೆ ರಾಜ ಪರದೆಯ ಹಿಂದೆ ಇರುತ್ತಿದ್ದ, ಪರದೆ ಕಾಯುವುದಕ್ಕೇ ಒಬ್ಬ ಅಧಿಕಾರಿ. ಪರದೆ ಸರಿದಾಗ ಕಿರೀಟ ಕಾಣುತ್ತಿತ್ತು. ಅದು ತಲೆ ಹೊರಲಾಗದಷ್ಟು ಭಾರ ಇದ್ದದ್ದರಿಂದ ಚಿನ್ನದ ಸರಪಳಿಯಲ್ಲಿ ಕಮಾನಿನಿಂದ ಇಳಿಬಿಟ್ಟಿದ್ದರಂತೆ, ರಾಜ ಬಂದು ಅದರ ಕೆಳಗೆ ಕೂರುತ್ತಿದ್ದನಂತೆ. ನೆಲಕ್ಕೆ ತೋಟದ ಚಿತ್ರ ನೇಯ್ದ ಬಹಳ ದೊಡ್ಡ ಜಮಖಾನೆ. 637ರಲ್ಲಿ ಅರಬ್ ಸೈನ್ಯ ಊರು ಗೆದ್ದಾಗ ಅದನ್ನು ತುಂಡು ತುಂಡು ಮಾಡಿ ಹಂಚಿಕೊಂಡರು ಅಂತ ಅದೇ ಇತಿಹಾಸಕಾರರು ಬರೆದಿದ್ದಾರೆ. ಆ ಸಭೆ ಆಮೇಲೆ ಮಸೀದಿಯಾಗಿ ಬಳಕೆಯಾಯಿತು.

ಬೀದರ್_ಕೋಟೆ_ಪಕ್ಕ

ಪರದೆ ಅಂದಿರಲ್ಲ, ಆ ಮಾತೇ ಪಾರ್ಸಿಯದು. ಕಮಾನು ಕೂಡ. ಪಾರ್ಸಿಯಲ್ಲಿ ಕಮಾನ್ ಅಂದರೆ ಬಿಲ್ಲು. ದರ್ಬಾರು, ತಖ್ತು, ಮೈದಾನ, ಎಲ್ಲಾ ಅಲ್ಲಿಯವೇ. ನಮ್ಮ ಬೀದರ್ ಕೋಟೆಯೊಳಗೆ ತಖ್ತ್ ಮಹಲ್ ಇದೆ, ಬಹಮನಿ ಸುಲ್ತಾನರ ಗದ್ದುಗೆಯ ಅರಮನೆ. ತಖ್ತ್-ಎ-ಜಮ್ಶೀದಿನ ತಖ್ತೂ ಇದೂ ಒಂದೇ ಮಾತು. ನಾನು ಚಿಕ್ಕವನಿದ್ದಾಗ ನಮ್ಮ ಅಜ್ಜ ಅಲ್ಲಿ ಕಮಾನಿನ ಮೂಲೆಯಲ್ಲಿ ಹೆಂಚಿನ ಚಿತ್ರ ತೋರಿಸಿದ್ದರು: ಹುಲಿಯಂಥ ಪ್ರಾಣಿ, ಬೆನ್ನ ಹಿಂದೆ ಮೂಡುವ ಸೂರ್ಯ. ಸಿಂಹ-ಸೂರ್ಯ ಇರಾನಿನ ಹಳೆಯ ಗುರುತು ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಇದು ಒಂದೇ ದಿಕ್ಕಿನ ಸಂಬಂಧ ಅಲ್ಲ. ಅಹ್ಮದ್ ಶಾ ಬಹಮನಿ ಇರಾನಿನ ಕಿರ್ಮಾನ್ ಕಡೆಯ ಸಂತ ಶಾ ನೇಮತುಲ್ಲಾ ಅವರ ಶಿಷ್ಯ. ಸಂತರು ತೀರಿಕೊಂಡ ಮೇಲೆ ಮಾಹಾನ್ ಊರಲ್ಲಿ ಅವರ ಸಮಾಧಿ ಕಟ್ಟಿಸಿದ್ದು ಇದೇ ಬೀದರಿನ ಸುಲ್ತಾನ, 1436ರಲ್ಲಿ. ಅಂದರೆ ಇರಾನಿನ ಒಂದು ಕಟ್ಟಡ ನಮ್ಮೂರಿನ ದುಡ್ಡಲ್ಲಿ ಎದ್ದಿದೆ. ಹಾಗೇ ವಿಜಯಪುರದ ಗಗನ ಮಹಲ್ ನೋಡಿ, 1561ರದ್ದು, ಆದಿಲ್‌ಶಾಹಿ ದರ್ಬಾರು. ಮುಂದೆ ನಡುವೆ ಒಂದು ದೊಡ್ಡ ಕಮಾನು, ಅಕ್ಕಪಕ್ಕ ಎರಡು ಕಿರಿದು. ಮುಂಭಾಗ ಪೂರ್ತಿ ತೆರೆದದ್ದು. ಸೆಂಟ್ರಿಂಗ್ ಸರ್ ಹೇಳಿದ ಈವಾನ್ ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಅದೇ. ಅಲ್ಲೂ ಒಳಗಿನ ಮರದ ಕೆಲಸವೆಲ್ಲ ಹೋಗಿದೆ, ಕಲ್ಲು ನಿಂತಿದೆ.

ಹೊಸಪೇಟೆ_ಹುಡುಗಿ

ಹಂಪಿ ಬಿಟ್ಟರೆ ಹೇಗೆ! 1443ರಲ್ಲಿ ಅಬ್ದುರ್ ರಜಾಕ್ ಹೆರಾತಿನಿಂದ ಶಾರುಖ್ ದೊರೆಯ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ. ಇಮ್ಮಡಿ ದೇವರಾಯ 'ನಲವತ್ತು ಕಂಬದ ಸಭೆ'ಯಲ್ಲಿ ಕೂತಿದ್ದ ಅಂತ ಪಾರ್ಸಿಯಲ್ಲಿ ಬರೆದಿದ್ದಾನೆ. ಅಕ್ಕಪಕ್ಕ ಬ್ರಾಹ್ಮಣರು, ಬೇರೆಯವರು ದೊಡ್ಡ ಗುಂಪಾಗಿ ನಿಂತಿದ್ದರಂತೆ. ಇವನು ಐದು ಕುದುರೆ, ತಟ್ಟೆಗಳಲ್ಲಿ ರೇಷ್ಮೆ ಒಪ್ಪಿಸಿದ. ರಾಯರು ವೀಳ್ಯ, 500 ಹಣದ ಚೀಲ, ಕರ್ಪೂರ ಕೊಟ್ಟರು.

ನಮ್ಮಲ್ಲಿ ರಾಜರ ಆವರಣದಲ್ಲಿ ಸಭಾಮಂಟಪದ ಜಗಲಿ ಇದೆ. ಅದರ ಮೇಲೆ 100 ಕಂಬದ ಬುಡ, 10 ಸಾಲು, ಸಾಲಿಗೆ 10. ಕಂಬಗಳು ಮರದವು, ಉಳಿದಿಲ್ಲ. ನೂರು ಕಂಬ, ಚೌಕ ಸಭೆ, ಮರ ಸುಟ್ಟುಹೋಗಿ ಬುಡ ಉಳಿದದ್ದು. ಪರ್ಸೆಪೊಲಿಸ್ ಫೋಟೋ ಜೊತೆ ಪಕ್ಕ ಇಟ್ಟು ನೋಡಿ. ಅಲ್ಲಿಂದ ಬಂದ ಕಲ್ಪನೆ ಅಲ್ಲವಾ ಇದು?

ಧಾರವಾಡದ_ಮೇಷ್ಟ್ರು

@ಹೊಸಪೇಟೆ_ಹುಡುಗಿ ತಂಗೀ, ಹೋಲಿಕೆ ನನಗೂ ಹಿಡಿಸಿತು. ಆದರೆ ಅಲ್ಲಿಂದ ಇಲ್ಲಿಗೆ ಗೆರೆ ಎಳೆಯುವ ಮುಂಚೆ ಎರಡು ಮಾತು.

ಒಂದು, ಹಂಪಿಯ ಆ ಜಗಲಿ ಕಟ್ಟುವ ಹೊತ್ತಿಗೆ ಪರ್ಸೆಪೊಲಿಸ್ ಸುಟ್ಟು 1,600 ವರ್ಷ ದಾಟಿತ್ತು. ಮರದ ತೊಲೆಯಲ್ಲಿ ದೊಡ್ಡ ಚಾವಣಿ ಹಾಕಬೇಕೆಂದರೆ ಯಾರಿಗಾದರೂ ಕಂಬಗಳ ಚೌಕವೇ ಹೊಳೆಯುವುದು, ಸಾಗರದವರನ್ನು ಕೇಳಿ. ಇಂಥದೇ ಪ್ರಶ್ನೆ ಪಾಟ್ನಾದಲ್ಲಿ ಇನ್ನೂ ಗಟ್ಟಿಯಾಗಿ ಎದ್ದಿತ್ತು. ಕುಮ್ರಹಾರ್ ಅನ್ನುವಲ್ಲಿ ಮೌರ್ಯರ ಕಾಲದ, 80 ಕಂಬದ, ನುಣುಪು ಮೆರುಗಿನ ಸಭೆ ಸಿಕ್ಕಿತು. 1912-13ರಲ್ಲಿ ಸರ್ ರತನ್ ಟಾಟಾ ಹಣ ಕೊಟ್ಟು ಸ್ಪೂನರ್ ಅನ್ನುವ ಪುರಾತತ್ವಜ್ಞರು ಅಗೆದದ್ದು. ಪರ್ಸೆಪೊಲಿಸ್‌ನ ನೂರು ಕಂಬದ ಸಭೆಯೇ ಇದಕ್ಕೆ ಮಾದರಿ ಅಂತ ಸ್ಪೂನರ್ ವಾದಿಸಿದರು. ಕಾಲ ಹತ್ತಿರ ಇರುವುದರಿಂದ ಅಲ್ಲಿ ಆ ಮಾತಿಗೆ ಸ್ವಲ್ಪ ತೂಕ ಇದೆ. ಹಂಪಿಗೆ ಅಷ್ಟಿಲ್ಲ.

ಎರಡು, ಪಾರ್ಸಿಯಲ್ಲಿ 'ಚೆಹೆಲ್', ಅಂದರೆ ನಲವತ್ತು, ಬಹಳ ಅನ್ನುವ ಅರ್ಥದಲ್ಲೂ ಬಳಕೆ. ಪರ್ಸೆಪೊಲಿಸನ್ನೇ ಹಿಂದೆ ಚೆಹೆಲ್ ಮಿನಾರ್ ಅನ್ನುತ್ತಿದ್ದರು. ದೊಡ್ಡ ಕಂಬದ ಸಭೆ ಕಂಡಾಗ ರಜಾಕನಿಗೆ ತನ್ನ ಭಾಷೆಯಲ್ಲಿ ಸಿದ್ಧವಾಗಿದ್ದ ಮಾತು ಚೆಹೆಲ್ ಸುತೂನ್. ಆ ಸುತೂನ್ ಸಂಸ್ಕೃತದ ಸ್ಥೂಣಕ್ಕೆ, ಅಂದರೆ ಕಂಬಕ್ಕೆ, ನೆಂಟ. ಇರಾನಿನವರು ನೂರು ಕಂಬದ ಸಭೆಯನ್ನು 'ಸದ್ ಸುತೂನ್' ಅನ್ನುತ್ತಾರೆ. ಶತ ಸ್ಥೂಣ ಅಂತ ಹೇಳಿಕೊಂಡು ನೋಡು, ಕಿವಿಗೆ ಗೊತ್ತಾಗುತ್ತದೆ.

ಪ್ರಶ್ನೆಪೆಟ್ಟಿಗೆ

ಇರಾನಿನ ಇಸ್ಫಹಾನ್ ಊರಿನ ಚೆಹೆಲ್ ಸುತೂನ್ ಅರಮನೆಯಲ್ಲಿ 20 ಕಂಬ, ಕೊಳದಲ್ಲಿ ಕಾಣುವ ನೆರಳು ಸೇರಿ 40 ಅಂತ ಓದಿದ್ದೆ. ಅಲ್ಲಿ 'ಕರ್ನಾಲ್ ಯುದ್ಧ'ದ ಚಿತ್ರ ಇದೆಯಂತೆ. ಅದು ಕರ್ನಾಟಕ ಯುದ್ಧವಾ?

ಕಲ್ಲುಕಂಬ

ಅಲ್ಲ, ಹರಿಯಾಣದ ಕರ್ನಾಲ್. 1739ರಲ್ಲಿ ನಾದಿರ್ ಶಾ ಮೊಘಲರನ್ನು ಸೋಲಿಸಿ, ದೆಹಲಿಯ ನವಿಲು ಸಿಂಹಾಸನ ಹೊತ್ತುಕೊಂಡು ಹೋದನಲ್ಲ, ಆ ಯುದ್ಧ. ಚಿತ್ರವನ್ನು ಆಮೇಲೆ ಸೇರಿಸಿದ್ದಾರೆ. ಅದೇ ಗೋಡೆಗಳಲ್ಲಿ ಇರಾನಿನ ದೊರೆ ಶಾ ತಹ್ಮಾಸ್ಪ್ ಮೊಘಲ್ ದೊರೆ ಹುಮಾಯೂನನನ್ನು ಸತ್ಕರಿಸುವ ಚಿತ್ರವೂ ಇದೆ. ಕಟ್ಟಡ 1647ರದ್ದು, ಎರಡನೇ ಶಾ ಅಬ್ಬಾಸನದ್ದು. ಒಳಗೆ ಸಭೆ, ಮುಂದೆ ಎತ್ತರದ ಮರದ ಕಂಬಗಳ ತೆರೆದ ಮೊಗಸಾಲೆ, ಅದಕ್ಕೆ 'ತಾಲಾರ್' ಅನ್ನುತ್ತಾರೆ. ಆ ಕಂಬಗಳಿಗೆ ಒಮ್ಮೆ ಕನ್ನಡಿ ಚೂರು ಅಂಟಿಸಿದ್ದರಂತೆ. ಈಗ ಬರೀ ಮರ. ಸಾಗರದಣ್ಣ ನೋಡಿದರೆ ಅಲ್ಲಿಂದ ಏಳುವುದಿಲ್ಲ.

ಗದ್ದುಗೆ ಹೊರುವ ಚಿತ್ರವೂ ಪರ್ಸೆಪೊಲಿಸ್‌ಗೇ ಮುಗಿದಿಲ್ಲ. ಟೆಹರಾನಿನ ಗುಲಿಸ್ತಾನ್ ಅರಮನೆಯಲ್ಲಿ ಫತ್ ಅಲಿ ಶಾ 1806ರಲ್ಲಿ ಮಾಡಿಸಿದ ಅಮೃತಶಿಲೆಯ ತಖ್ತು ಇದೆ, ಯಜ್ದ್‌ನ ಕಲ್ಲು, 65 ತುಂಡು. ಅದನ್ನು ಹೊತ್ತವರು ನಾಡಿನ ಜನ ಅಲ್ಲ, ಗಂಧರ್ವರಂಥ ಪರಿಗಳು ಮತ್ತು ದೈತ್ಯರು. 2,000 ವರ್ಷ ಕಳೆದರೂ ಗದ್ದುಗೆ ಅಂದರೆ ಕೆಳಗೆ ಯಾರೋ ಹೊತ್ತಿರಬೇಕು ಅನ್ನುವ ನೆನಪು ಉಳಿದಿದೆ.

ಸಾಗರದ_ಮರಗೆಲಸ

ಗದ್ದುಗೆಯ ಅಳತೆ ಬಗ್ಗೆ ಒಂದು ಕಥೆ ಓದಿದ್ದೆ. ಸೂಸಾ ಗೆದ್ದ ಮೇಲೆ ಅಲೆಕ್ಸಾಂಡರ್ ಪರ್ಷಿಯಾದ ರಾಜನ ಪೀಠದಲ್ಲಿ ಕೂತನಂತೆ. ಅದು ಎತ್ತರ, ಇವನ ಕಾಲು ಮಣೆಗೆ ಎಟುಕಲಿಲ್ಲ. ಒಬ್ಬ ಆಳು ಓಡಿ ಒಂದು ಮೇಜು ತಂದು ಕಾಲಡಿಗೆ ಇಟ್ಟ. ಪಕ್ಕದಲ್ಲಿದ್ದ ಅರಮನೆಯ ಸೇವಕ ಅಳಲು ಶುರು ಮಾಡಿದ. ಅದು ಅವನ ಒಡೆಯ, ಸೋತ ಮೂರನೇ ಡೇರಿಯಸ್, ಊಟ ಮಾಡುತ್ತಿದ್ದ ಮೇಜು. ಗ್ರೀಕರೇ ಬರೆದಿಟ್ಟ ಕಥೆ. ಬಾಗಿಲ ಕಲ್ಲಿನಲ್ಲಿ ರಾಜನ ಕಾಲ ಕೆಳಗೆ ಮಣೆ ಇದೆ ಅಂದಿರಲ್ಲ ಅಣ್ಣ, ಆಗ ಇದು ನೆನಪಾಯಿತು.

ಹೊಸಪೇಟೆ_ಹುಡುಗಿ

ನೀವು ಕೆಳಗಿನಿಂದ ನೋಡಬೇಕು ಅಂದಿರಿ ಸರ್. ಆ ಮೆಟ್ಟಿಲಿನಲ್ಲಿ ಹಿಂದುಶ್ ನಾಡಿನವರೂ ಇದ್ದಾರೆ ಅಂತ ಕೇಳಿದ್ದೇನೆ. ಹೇಗಿದ್ದಾರೆ?

ಕಲ್ಲುಕಂಬ

ಇದ್ದಾರೆ. ಇದನ್ನೇ ಕೊನೆಗೆ ಬರೆಯಬೇಕು ಅಂದುಕೊಂಡಿದ್ದೆ.

ಮೊದಲು ಬಯಲಿನಿಂದ ಜಗಲಿಗೆ ಹತ್ತುವ ದೊಡ್ಡ ಮೆಟ್ಟಿಲು, 111. ಒಂದೊಂದರ ಎತ್ತರ ಸುಮಾರು 10 ಸೆಂಟಿಮೀಟರ್ ಮಾತ್ರ. ಹತ್ತಿದ್ದೇ ಗೊತ್ತಾಗುವುದಿಲ್ಲ. ಉದ್ದ ನಿಲುವಂಗಿಯವರೂ, ವಯಸ್ಸಾದವರೂ ಮಾತಾಡಿಕೊಂಡೇ ಮೇಲೆ ಬರಬಹುದು, ಮೊಣಕಾಲು ಬಗ್ಗಬೇಕಿಲ್ಲ. ಬಂದವರನ್ನು ದಣಿಸಬಾರದು ಅಂತ ಯೋಚಿಸಿದ ಅಳತೆ ಅದು.

ಆಮೇಲೆ ಅಪದಾನದ ಪೂರ್ವ ಮೆಟ್ಟಿಲು. ಅಲ್ಲಿ 23 ಗುಂಪು ಕಾಣಿಕೆ ತಂದಿವೆ. ಗುಂಪಿಗೂ ಗುಂಪಿಗೂ ನಡುವೆ ಒಂದು ಮರ ಕೆತ್ತಿದ್ದಾರೆ. ಸಿಂಧೂ ನಾಡಿನವರು ಐದು ಜನ. ಮುಂದಿನವನು ಉದ್ದ ಪಂಚೆ ಉಟ್ಟು ಮೇಲೆ ಹೊದ್ದಿದ್ದಾನೆ. ಹಿಂದಿನವರು ಬರಿಮೈ, ಸೊಂಟಕ್ಕೆ ಮಾತ್ರ ಬಟ್ಟೆ. ಒಬ್ಬನ ಹೆಗಲ ಮೇಲೆ ಅಡ್ಡೆ, ಎರಡು ಕಡೆ ಬುಟ್ಟಿ, ಬುಟ್ಟಿಯೊಳಗೆ ಪುಟ್ಟ ಚೀಲಗಳು. ಹಿಂದುಶ್ ನಾಡು ವರ್ಷಕ್ಕೆ 360 ಟ್ಯಾಲೆಂಟ್ (ಆ ಕಾಲದ ಒಂದು ತೂಕ) ಚಿನ್ನದ ಪುಡಿ ಕಟ್ಟುತ್ತಿತ್ತು ಅಂತ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದದ್ದರಿಂದ ಅದು ಚಿನ್ನದ ಪುಡಿ ಇರಬೇಕು ಅಂತಾರೆ. ಒಬ್ಬನು ಕತ್ತೆ ನಡೆಸುತ್ತಿದ್ದಾನೆ. ಇನ್ನೊಬ್ಬನ ಕೈಯಲ್ಲಿ ಕೊಡಲಿ.

ಅಡ್ಡೆ ಹೊತ್ತವನ ಹತ್ತಿರ ತುಂಬಾ ಹೊತ್ತು ನಿಂತೆ. ನಮ್ಮಜ್ಜಿ ಊರಲ್ಲಿ ಅಡ್ಡೆಯಲ್ಲಿ ಮಡಕೆ ಹೊತ್ತು ಮಾರಲು ಬರುತ್ತಿದ್ದವರೊಬ್ಬರು ಇದ್ದರು. ಅವರು ಒಂದು ಕೈ ಕೋಲಿನ ಮೇಲೆ ಇಟ್ಟು ನಡೆಯುತ್ತಿದ್ದದ್ದು ಅಲ್ಲಿ ನೆನಪಾಯಿತು.

ಗುಂಪಿನ ಮುಂದಾಳನ್ನು ಅರಮನೆಯ ಒಬ್ಬ ಅಧಿಕಾರಿ ಒಳಗೆ ಕರೆದುಕೊಂಡು ಹೋಗುತ್ತಿದ್ದಾನೆ. ಅಧಿಕಾರಿಯ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಮುಂದಾಳಿನ ಕೈ ಹಿಡಿದಿದೆ. 23 ಗುಂಪಿಗೂ ಹೀಗೆ ಒಬ್ಬ ಕೈಹಿಡಿದು ನಡೆಸುವವನು ಇದ್ದಾನೆ. ನಾಲ್ಕು ಬೆರಳು ಮೇಲೆ, ಹೆಬ್ಬೆರಳು ಕೆಳಗೆ, ಜೋರಾಗಿ ಅಲ್ಲ.

ಸಾಗರದ_ಮರಗೆಲಸ

ಆ ಅಡ್ಡೆಯ ಫೋಟೋ ಹತ್ತಿರದಿಂದ ತೆಗೆದದ್ದಿದ್ದರೆ ಹಾಕಿ ಅಣ್ಣ. ಬುಟ್ಟಿಗೆ ಹಗ್ಗ ಎಷ್ಟು ಎಳೆ, ಕೋಲಿಗೆ ಹೇಗೆ ಸಿಕ್ಕಿಸಿದ್ದಾರೆ ನೋಡಬೇಕು.

ಕಲ್ಲುಕಂಬ

ಇದೆ. ರಾತ್ರಿ ಹಾಕುತ್ತೇನೆ.